ಪೆನ್ ಡ್ರೈವಿಗೆ ಸಿಗದ ಕಪಾಳಮೋಕ್ಷ

ನಾನು ಜುಗ್ಗ. ಅದನ್ನು ಮಿತವ್ಯಯ ಎಂದು ಕರೆದುಕೊಳ್ಳುವಷ್ಟು ಓದಿದ್ದೇನೆ, ಅಷ್ಟೇ. ಹೀಗಾಗಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಟ್ಟುಕೊಳ್ಳುವ ಅಗ್ಗದ ದಾರಿ ಹುಡುಕುವ ಕೆಲಸ ಮನೆಯಲ್ಲಿ ನನ್ನ ಪಾಲಿಗೇ ಬಂತು.

ಎಲ್ಲ ನಮ್ಮವ್ವನ ಸಲುವಾಗಿ. ಅಣ್ಣಿಗೇರಿಯ ನಮ್ಮ ಓಣಿಯ ಮಠದಲ್ಲಿ ಸೋಮವಾರ ಸಂಜೆ ಭಜನೆ. ತಾಳ ಬಾರಿಸುವವಳು ಅವ್ವ. ವಾರಕ್ಕೊಮ್ಮೆ ಬರುವ ಅವಳ ಧಾರಾವಾಹಿಯೂ ಅದೇ ಹೊತ್ತಿಗೆ. ಶಿವನನ್ನು ಬಿಡುವಂತಿಲ್ಲ, ಧಾರಾವಾಹಿಯ ಸೊಸೆಯ ಗತಿ ಏನಾಯಿತೆಂದು ತಿಳಿಯದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಅದಕ್ಕೇ ಮಂಗಳವಾರ ಬೆಳಿಗ್ಗೆ ಶಲವಡಿಯಿಂದ ಚಿಗವ್ವ, ಅಂದರೆ ಅವ್ವನ ತಂಗಿ, ಫೋನು ಮಾಡಿ ಕಥೆ ಒಪ್ಪಿಸುತ್ತಿದ್ದಳು. ಅವ್ವ ಫೋನನ್ನು ಸ್ಪೀಕರಿಗೆ ಹಾಕಿ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು. ಆ ಸೊಸೆಯ ಕಷ್ಟಕ್ಕೆ ನನ್ನ ಎಷ್ಟೋ ರೊಟ್ಟಿಗಳು ಸೀದುಹೋಗಿವೆ.

ಮೊದಲು ಮೊಬೈಲನ್ನು ಡಬ್ಬಿಗೆ ಆನಿಸಿಟ್ಟು ಟಿವಿಯನ್ನೇ ಚಿತ್ರೀಕರಿಸಿದೆ. ಧಾರಾವಾಹಿಗಿಂತ ನನ್ನ ಹೆಂಡತಿಯ ಬೆನ್ನು, ಕುಕ್ಕರಿನ ಸೀಟಿ ಚೆನ್ನಾಗಿ ದಾಖಲಾದವು. ಹುಬ್ಬಳ್ಳಿಯ ಅಂಗಡಿಯಲ್ಲಿ ರೆಕಾರ್ಡ್ ಮಾಡುವ ಹೊಸ ಪೆಟ್ಟಿಗೆಯ ಬೆಲೆ ಕೇಳಿ, ಅವರು ಕೊಟ್ಟ ಚಹಾ ಕುಡಿದು ಬಂದೆ. ಕೊನೆಗೆ ನೋಡಿದರೆ ನಮ್ಮ ಸೆಟ್‌ಟಾಪ್ ಬಾಕ್ಸಿನ ಹಿಂದೆಯೇ ಪೆನ್ ಡ್ರೈವ್ ಸಿಕ್ಕಿಸುವ ಜಾಗ! ಮಗಳ ಪೆನ್ ಡ್ರೈವ್ ಸಿಕ್ಕಿಸಿ ಆ ಸೋಮವಾರದ ಕಂತು ರೆಕಾರ್ಡ್ ಮಾಡಿದೆ. ಪೂರಾ ಬಿಟ್ಟಿ.

ಆ ಮಂಗಳವಾರವೂ ಚಿಗವ್ವ ಫೋನು ಮಾಡಿದಳು. “ಸೊಸಿ ಅತ್ತಿ ಕಪಾಳಕ್ಕ ಬಿಗದಾಳ ನೋಡಕ್ಕಾ, ಕಿವ್ಯಾನ ಬೆಂಡ್ವಾಲಿ ಹಾರಿ ಅಂಗಳಕ್ಕ ಬಿತ್ತು!”

ನಾನು ನಡುವೆ ಬಾಯಿ ಹಾಕಿ ನನ್ನ ಸಾಧನೆ ಹೇಳಿದೆ.

“ಅಗದಿ ಚಲೋ ಆತು ಬಿಡಪಾ. ಇನ್ನ ನಾ ಫೋನ್ ಹಚ್ಚೂದೇನೈತಿ?” ಅಂದು ಚಿಗವ್ವ ಫೋನು ಇಟ್ಟುಬಿಟ್ಟಳು. ನನಗೆ ಕಸಿವಿಸಿಯಾಯಿತು. ಅಗ್ಗದ ದಾರಿ ಹುಡುಕಲು ಹೋಗಿ ಅಕ್ಕತಂಗಿಯರ ಮಂಗಳವಾರಕ್ಕೇ ಕಲ್ಲು ಹಾಕಿದ್ದೆ.

ಅವ್ವ ಕೈ ತೊಳೆದುಕೊಂಡು ರೆಕಾರ್ಡ್ ನೋಡಲು ಕೂತಳು. ಸೊಸೆ ಅತ್ತೆಯನ್ನು ದುರುಗುಟ್ಟಿ ನೋಡಿದಳು. ಸಂಗೀತ ಗುಡುಗಿತು. ಮುಗಿಯಿತು.

“ಕಪಾಳಕ್ಕ ಬಡಿಯೂದು ಎಲ್ಲೈತಿ?”

ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದೆ. ಬೆಂಡ್ವಾಲಿ ಅತ್ತೆಯ ಕಿವಿಯಲ್ಲೇ ಭದ್ರವಾಗಿತ್ತು. ಇಷ್ಟು ವರ್ಷ ಅವ್ವ ಕೇಳಿದ್ದು ಯಾರ ಧಾರಾವಾಹಿ ಎಂದು ನನಗಾಗ ಹೊಳೆಯಿತು. ಅವ್ವನಿಗೂ ಹೊಳೆದಿರಬೇಕು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ನಿನ್ನ ಪೆನ್ನಿಗೆ ಅರ್ಧಾನೂ ಸಿಕ್ಕಿಲ್ಲ ತಗೋ,” ಎಂದು ಶಲವಡಿಗೆ ತಾನೇ ಫೋನು ಹಚ್ಚಿದಳು. “ತಂಗೀ, ಇವನ ಮಷೀನು ಕೆಟ್ಟೈತಿ. ಮುಂದಿನ ವಾರಾನೂ ನೀನ ಹೇಳಬೇಕ್ ನೋಡು. ಮತ್ತ, ಆ ಬೆಂಡ್ವಾಲಿ ಬಿತ್ತಲಾ, ಅದನ್ನ ಯಾರು ಆರಿಸಿದ್ರು?”

ಮುಂದಿನ ಮಂಗಳವಾರ ರೊಟ್ಟಿ ಮತ್ತೆ ಸೀದಿತು. ಈ ಸಲ ನಾನೂ ಚಿಗವ್ವನ ಕಥೆ ಕೇಳುತ್ತ ಒಲೆಯ ಹತ್ತಿರವೇ ಕೂತಿದ್ದೆ. ಅದನ್ನು ತಿರುವಿ ಹಾಕುವುದು ಇಬ್ಬರಿಗೂ ನೆನಪಾಗಲಿಲ್ಲ.