ಖಾಲಿ ನಳಿಕೆಯ ಗುಲಾಬಿ ಬಣ್ಣ

೧೯೬೪ರ ಆಗಸ್ಟ್, ಗುರುವಾರ ಬೆಳಿಗ್ಗೆ ಹತ್ತೂವರೆ. ಹೊಸನಗರದ ಬಾಡಿಗೆ ಮನೆಯೊಂದರಲ್ಲಿ ನಡೆಯುತ್ತಿದ್ದ ವೈದ್ಯಕೀಯ ಶಿಬಿರದ ಹಿಂದಿನ ಕೋಣೆಯಲ್ಲಿ, ಕಿಟಕಿಯಿಂದ ಎರಡು ಹೆಜ್ಜೆ ಈಚೆಗೆ ನಿಂತಿದ್ದೆ. ನಾನು ಅಲ್ಲಿನ ಲ್ಯಾಬ್ ಟೆಕ್ನೀಷಿಯನ್. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅದು ಹತ್ತಿದವರ ರಕ್ತದಲ್ಲಿ ಕಬ್ಬಿಣದ ಅಂಶ ಎಷ್ಟಿದೆಯೆಂದು ಅಳೆಯುವುದು ನನ್ನ ಕೆಲಸ. ರಕ್ತದಿಂದ ಬೇರ್ಪಡಿಸಿದ ತಿಳಿಗೆ, ಅಂದರೆ ಸೀರಂಗೆ, ರಾಸಾಯನಿಕ ಬೆರೆಸಿ ಕುದಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕಬ್ಬಿಣ ಹೆಚ್ಚು.

ಪರೀಕ್ಷೆಯ ಗಾಜಿನ ನಳಿಕೆಗಳನ್ನು ಭಟ್ಟಿ ಇಳಿಸಿದ ನೀರಿನಲ್ಲೇ, ಡಿಸ್ಟಿಲ್ಡ್ ವಾಟರಿನಲ್ಲೇ ತೊಳೆಯಬೇಕು. ಆ ನೀರು ಕೆಲವು ವಾರಗಳ ಹಿಂದೆಯೇ ಮುಗಿದಿತ್ತು. ಸಾಗರದ ಆಸ್ಪತ್ರೆಗೆ ಮೂರು ಪತ್ರ ಬರೆದರೂ ಉತ್ತರವಿಲ್ಲ. ಹಿತ್ತಲ ಬಾವಿಯ ನೀರೇ ಸಾಕೆಂದೆ.

ನಳಿಕೆ ತೊಳೆಯುವ ಗಿರಿಯಮ್ಮ ಒಪ್ಪಲಿಲ್ಲ. "ಅಯ್ಯಾ, ಈ ನೀರಲ್ಲಿ ನಾವು ಬಿಳಿ ಪಂಚೆ ಒಗೆಯಲ್ಲ. ಕೆಂಪಾಗ್ತವೆ."

"ನಳಿಕೆ ಎಂತ ಪಂಚೆ ಉಡ್ತದಾ, ಗಿರಿಯಮ್ಮ?" ಎಂದೆ. ಶಿಬಿರದವರೆಲ್ಲ ನಕ್ಕರು. ಗಿರಿಯಮ್ಮ ನಗಲಿಲ್ಲ.

ನಳಿಕೆಗೆ ಬೇರೆಲ್ಲಿಂದಲೋ ಕಬ್ಬಿಣ ಸೇರಿಲ್ಲವೆಂದು ತಿಳಿಯಲು, ದಿನಕ್ಕೊಮ್ಮೆ ರಕ್ತವಿಲ್ಲದ ಖಾಲಿ ನಳಿಕೆಯನ್ನೂ ಪರೀಕ್ಷಿಸಬೇಕೆಂಬ ನಿಯಮವಿತ್ತು. ರಾಸಾಯನಿಕ ಉಳಿಸಲು ಅದನ್ನೂ ಬಿಟ್ಟಿದ್ದೆ.

ಆ ಸೋಮವಾರ ಕೋಣಂದೂರು ಕಡೆಯಿಂದ ತಿಮ್ಮಪ್ಪ ಎಂಬ ರೈತ ಎಂಟು ತಿಂಗಳ ಬಸುರಿ ಹೆಂಡತಿ ನಾಗಮ್ಮನನ್ನು ಕರೆತಂದಿದ್ದ. ಆಕೆಗೆ ಕೊಕ್ಕೆಹುಳುವಿತ್ತು, ಜ್ವರವೂ ಇತ್ತು. ಅಂಗೈ ಸುಣ್ಣದಂತೆ ಬಿಳಿಚಿತ್ತು. ನನ್ನ ವರದಿ ಮಾತ್ರ ಕಬ್ಬಿಣ ಧಾರಾಳವಾಗಿದೆ ಎಂದಿತು. ಡಾಕ್ಟರು ಅದನ್ನು ನಂಬಿದರು. "ಬಿಳಿಚಿರೋದು ಜ್ವರದಿಂದ. ಕಬ್ಬಿಣದ ಮಾತ್ರೆ ಬೇಡ," ಎಂದು ಮನೆಗೆ ಕಳಿಸಿದರು.

ಆ ಅಂಗೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಗುರುವಾರ ಬೆಳಿಗ್ಗೆ, ಗಿರಿಯಮ್ಮ ನೋಡುತ್ತಿದ್ದಂತೆ, ಖಾಲಿ ನಳಿಕೆಗೆ ರಾಸಾಯನಿಕ ಮಾತ್ರ ಹಾಕಿ ಕುದಿಸಿದೆ. ಗುಲಾಬಿ. ಕಬ್ಬಿಣ ನಾಗಮ್ಮನ ರಕ್ತದ್ದಲ್ಲ, ಬಾವಿಯದು.

ಡಾಕ್ಟರಿಗೆ ತೋರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ವರದಿ ಮೇಲಕ್ಕೆ ಹೋಗಿದೆ ಕಣ್ರೀ. ತಿದ್ದೋಕೆ ಅನುಮತಿ ಬೇಕು, ಬರೀರಿ." ಮಾತ್ರೆಗಳಿದ್ದ ಬೀರುವಿನ ಕೀಲಿ ಅವರ ಜೇಬಿನಲ್ಲಿತ್ತು; ಅನುಮತಿ ಬರುವವರೆಗೆ ಬೀರು ತೆರೆಯಲು ಅವರು ಒಪ್ಪಲಿಲ್ಲ. ಅಂದೇ ಬರೆದೆ. ಮತ್ತೆರಡು ಸಲ ಬರೆದೆ. ಅನುಮತಿ ಬಂದದ್ದು ಹತ್ತೊಂಬತ್ತು ದಿನಗಳ ಮೇಲೆ.

ಮಾತ್ರೆ ಹಿಡಿದು ಕೋಣಂದೂರಿನ ಬಸ್ಸು ಹತ್ತಿದೆ. ನಾಗಮ್ಮ ನಾಲ್ಕು ದಿನದ ಹಿಂದೆ ಹೆರಿಗೆಯಲ್ಲಿ ರಕ್ತ ಹೋಗಿ ತೀರಿಕೊಂಡಿದ್ದಳು. ತಿಮ್ಮಪ್ಪ ಜಗಲಿಯಿಂದ ಏಳದೆ ಕೇಳಿದ: "ಕಬ್ಬಿಣ ಬೇಕಾದಷ್ಟು ಐತೆ ಅಂದಿದ್ರಲ್ಲ ಅಯ್ಯಾ?"

ಮಾತ್ರೆ ಕೊಟ್ಟಿದ್ದರೆ ಉಳಿಯುತ್ತಿದ್ದಳು ಎಂದು ನಾನು ಹೇಳಲಾರೆ. ಕೊಡಲಿಲ್ಲ ಎಂಬುದಷ್ಟೇ ನನಗೆ ಗೊತ್ತು. ಆಮೇಲೆ ನಿವೃತ್ತಿಯವರೆಗೂ, ಖಾಲಿ ನಳಿಕೆ ನೋಡದೆ ಒಂದು ಅಂಕಿಯನ್ನೂ ಬರೆಯಲಿಲ್ಲ. ನಳಿಕೆ ತೊಳೆಯುವವರ ಮಾತನ್ನು ಮೊದಲು ಕೇಳಿದೆ.

ಆ ಬಣ್ಣ ಕಂಡವರು ಮೂವರು. ಡಾಕ್ಟರು ಈಗಿಲ್ಲ. ಗಿರಿಯಮ್ಮ ಹುಂಚದಲ್ಲಿ ಮಗಳ ಮನೆಯಲ್ಲಿದ್ದಾರೆ. ಕೇಳಿದರೆ ಎಲ್ಲ ಹೇಳುತ್ತಾರೆ, ನಾನಾಡಿದ ಪಂಚೆಯ ಮಾತನ್ನೂ.