ಗದ್ದೆಪ್ಪನ ಅಕ್ಷರ, ಮಾಸ್ತರರ ಜನಿವಾರ

ನೂಲ ಹುಣ್ಣಿಮೆಯ ಬೆಳಿಗ್ಗೆ ಚೀಕಲಪರ್ವಿಯ ಹೊಳೆದಂಡೆಯಲ್ಲಿ ಹೊಸ ಜನಿವಾರ ಹಾಕಿಕೊಂಡು, ಹಳೆಯದನ್ನು ನೀರಿಗೆ ಬಿಟ್ಟು, ಮಂತ್ರ ಮುಗಿಸಿ ಮೇಲೆ ಬಂದು ನಿಂತ ವಿಬುಧೇಂದ್ರ ಮಾಸ್ತರರ ಕೈ ಅಭ್ಯಾಸಬಲದಿಂದ ಸೊಂಟದ ಹತ್ತಿರ ಹೋಯಿತು. ಬೀರುವಿನ ಕೀಲಿ ಸಿಕ್ಕಿತು. ಪೆನ್ ಡ್ರೈವ್ ಸಿಗಲಿಲ್ಲ.

ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುವುದು ಅವರ ಮನೆತನದಲ್ಲಿ ಅಜ್ಜನ ಕಾಲದಿಂದ ಬಂದದ್ದು. ಮೈಮೇಲಿನಿಂದ ಎಂದೂ ಇಳಿಯದ ವಸ್ತು ಅದೊಂದೇ ಆದ್ದರಿಂದ ಕೀಲಿ ಕಳೆಯುವ ಪ್ರಶ್ನೆಯೇ ಇಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತ, ಶಾಲೆಯ ಏಕೈಕ ಕಂಪ್ಯೂಟರಿನ ಉಸ್ತುವಾರಿಯನ್ನೂ ಹೊತ್ತ ಮಾಸ್ತರರು ಈ ಪದ್ಧತಿಯನ್ನು ಕಾಲಕ್ಕೆ ತಕ್ಕಂತೆ ತಿದ್ದಿ, ಕೀಲಿಯ ಪಕ್ಕಕ್ಕೆ ಹೆಬ್ಬೆರಳುದ್ದದ ಪೆನ್ ಡ್ರೈವನ್ನೂ ಕಟ್ಟಿಕೊಂಡಿದ್ದರು. ಸ್ನಾನಕ್ಕೆ ಮೊದಲು ಅದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವ ಶಿಸ್ತೂ ಇತ್ತು. ಇಷ್ಟೆಲ್ಲ ಮುಂದಾಲೋಚನೆ ಮಾಡಿದ ತಲೆಗೆ, ಜನಿವಾರವನ್ನು ವರ್ಷಕ್ಕೊಮ್ಮೆ ಹೊಳೆಗೆ ಬಿಡುತ್ತಾರೆಂಬ ಸಣ್ಣ ಸಂಗತಿ ಮಾತ್ರ ಹೊಳೆಯಲಿಲ್ಲ. ಮನೆಯಿಂದ ಹೊರಡುವಾಗ ಹೆಂಡತಿ ಜಯಾಬಾಯಿ ಬೀರುವಿನ ಕೀಲಿ ಜೋಪಾನವೆಂದು ಮೂರು ಸಲ ಹೇಳಿದ್ದರಿಂದ ಕೀಲಿಯನ್ನು ಬಿಚ್ಚಿ ಹೊಸದಕ್ಕೆ ಕಟ್ಟಿದ್ದಾಗಿತ್ತು. ಪೆನ್ ಡ್ರೈವಿನ ಬಗ್ಗೆ ಯಾರೂ ಹೇಳಿರಲಿಲ್ಲ.

ಮಾಸ್ತರರು ಒದ್ದೆ ಪಂಚೆಯಲ್ಲೇ ಮತ್ತೆ ನೀರಿಗಿಳಿದರು. ದಂಡೆಯ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಹಳೆ ಜನಿವಾರಗಳನ್ನು ಒಂದೊಂದಾಗಿ ಎತ್ತಿ ಹಿಂದೆಮುಂದೆ ನೋಡತೊಡಗಿದರು. ಚೀಲದೊಳಗೆ ಗಾಳಿ ಇದ್ದರೆ ತೇಲೀತು ಎಂಬ ಆಸೆಯಿಂದ ಕೆಂಪು ನೀರಿನ ಮೇಲೆ ದೂರದವರೆಗೂ ಕಣ್ಣು ಹಾಯಿಸಿದರು. ಉಳಿದವರೆಲ್ಲ ಬಿಟ್ಟದ್ದನ್ನು ಇವರೊಬ್ಬರು ಆರಿಸುತ್ತಿರುವುದನ್ನು ನೋಡಿ ಪುರೋಹಿತರು ಹತ್ತಿರ ಬಂದರು.

"ಏನು ಹೋತು ಮಾಸ್ತರ?"

"ಅಕ್ಷರ."

"ಯಾವ ಅಕ್ಷರ?"

"ಎಲ್ಲಾವೂ. ಅ ದಿಂದ ಳ ತನಕ."

ಪುರೋಹಿತರು, ಇವರಿಗೆ ಯಾರಾದರೂ ಮೊದಲು ಊಟ ಬಡಿಸಿರೆಂದು ಹೇಳಿ ಹೋದರು.

ಮಾಸ್ತರರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಪೆನ್ ಡ್ರೈವಿನಲ್ಲಿ ದೇವದುರ್ಗದ ಗದ್ದೆಪ್ಪನ ಅಕ್ಷರಗಳಿದ್ದವು. ಕಾಗುಣಿತ, ಒತ್ತಕ್ಷರ, ಅಂಕಿ ಎಲ್ಲ ಸೇರಿ ನಾನೂರ ಹನ್ನೆರಡು. ಯಾರು ಯಾವ ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೂ ಗದ್ದೆಪ್ಪನೇ ಕುಂಚ ಹಿಡಿದು ಬರೆದಂತೆ ಮೂಡುವ ಫಾಂಟ್ ಒಂದನ್ನು ಅವರಿಬ್ಬರೂ ಮೂರು ವರ್ಷಗಳಿಂದ ಮಾಡುತ್ತಿದ್ದರು. ಆಕಾರ ಕೂರಿಸುವುದು ಗದ್ದೆಪ್ಪನ ಪಾಲು. ಯಾವ ಅಕ್ಷರದ ಪಕ್ಕ ಯಾವುದು ಎಷ್ಟು ದೂರ ನಿಲ್ಲಬೇಕೆಂಬ ಲೆಕ್ಕ ಮಾಸ್ತರರದ್ದು. ಈಗ ಗದ್ದೆಪ್ಪನ ಬಲಗೈ ನಡುಗುತ್ತದೆ. ಯುಗಾದಿಯಿಂದೀಚೆಗೆ ಚಹಾದ ಬಸಿಯನ್ನೂ ಎರಡು ಕೈಯಲ್ಲಿ ಹಿಡಿಯುತ್ತಾನೆ. ಹೋದ ಅಕ್ಷರ ಹೋದಂತೆಯೇ, ಮತ್ತೆ ಬರೆಯುವ ಕೈ ಇಲ್ಲ ಎಂದುಕೊಂಡರು ಮಾಸ್ತರರು.

ಗದ್ದೆಪ್ಪ ಮೊದಲು ಗೋಡೆ ಬರೆಯುವವನು. ರಾಯಚೂರಿನ ಇನಾಯತ್ ಪೇಂಟರರ ಕೈಕೆಳಗೆ ಕಲಿತವನು. ದೇವದುರ್ಗದ ದಾರಿಯುದ್ದಕ್ಕೂ ಹತ್ತಿಬೀಜದ ಜಾಹೀರಾತು, ಶಾಲೆಗಳ ಗೋಡೆಗೆ ಭಾರತದ ನಕಾಶೆ, ಅಕ್ಕಿ ಗಿರಣಿಗಳ ಬೋರ್ಡು, ಲಾರಿಗಳ ಬೆನ್ನು ಎಲ್ಲವೂ ಅವನವೇ. ತೆಲುಗು ಅಷ್ಟಿಷ್ಟು ಓದುತ್ತಿದ್ದ. ಉರ್ದು ಓದಲು ಬರದಿದ್ದರೂ ಇನಾಯತ್ ಹಾಕಿಕೊಟ್ಟ ಗೆರೆ ನೋಡಿ ಬರೆದರೆ ಮೌಲ್ವಿಗಳೇ ನಿಂತು ನೋಡುತ್ತಿದ್ದರು. ಇಲ್ಲಿ ಮೂತ್ರ ಮಾಡಬಾರದು ಎಂಬ ಒಂದೇ ವಾಕ್ಯವನ್ನು ಮೂರು ತಾಲ್ಲೂಕುಗಳಲ್ಲಿ ಅವನಷ್ಟು ಸಲ ಬರೆದವರು ಇನ್ನೊಬ್ಬರಿಲ್ಲ. ತನ್ನ ಬರಹವನ್ನು ಜನ ಅಷ್ಟು ಹತ್ತಿರ ನಿಂತು ಓದಿದ್ದು ಅದೊಂದನ್ನೇ ಎಂದು ಅವನು ಹೇಳುತ್ತಿದ್ದ, ನಗದೆ.

ಫ್ಲೆಕ್ಸ್ ಬಂದದ್ದೇ ತಡ, ಆರು ತಿಂಗಳಲ್ಲಿ ಗೋಡೆಯ ಕೆಲಸ ನಿಂತಿತು. ಜತೆಯವರು ಕೆಲವರು ಆಟೋ ಹಿಡಿದರು, ಕೆಲವರು ಮನೆಗಳಿಗೆ ಬಣ್ಣ ಬಳಿಯಲು ಹೋದರು. ಗದ್ದೆಪ್ಪ ಮಾತ್ರ ರಾಯಚೂರಿಗೆ ಬಂದು, ಇನಾಯತ್ ಅವರ ಮಗಳು ಗುಲ್ಫಶಾ ಸ್ಟೇಷನ್ ರಸ್ತೆಯಲ್ಲಿ ತೆರೆದಿದ್ದ ಫ್ಲೆಕ್ಸ್ ಅಂಗಡಿಯ ಬಾಗಿಲಲ್ಲಿ ನಿಂತ. ಮೂರು ದಿನ ಸುಮ್ಮನೆ ನಿಂತು ನೋಡಿದ. ನಾಲ್ಕನೆಯ ದಿನ ಅವಳು ಕುರ್ಚಿ ಕೊಟ್ಟಳು. ಆಗ ಅವನಿಗೆ ನಲವತ್ತೈದು. ಮೌಸನ್ನು ಕುಂಚದ ಹಾಗೆ ಟೇಬಲ್ಲಿನಿಂದ ಎತ್ತಿ ಗಾಳಿಯಲ್ಲಿ ಗೆರೆ ಎಳೆದು, ಪರದೆಯ ಮೇಲೆ ಏನೂ ಬರಲಿಲ್ಲವಲ್ಲ ಎಂದು ಕಾಯ್ದನಂತೆ. ವರ್ಷ ತುಂಬುವುದರೊಳಗೆ ಅಂಗಡಿಯ ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ಪುರಸಭೆ ಚುನಾವಣೆ ಎಲ್ಲ ಅವನ ಕೈಗೆ ಬಂದವು. ಆದರೆ ಕಂಪ್ಯೂಟರಿನಲ್ಲಿ ಸಿಗುತ್ತಿದ್ದ ಅಕ್ಷರಗಳು ಅವನಿಗೆ ಒಗ್ಗಲಿಲ್ಲ. ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಒಂದೇ ಮುಖ ಹೊತ್ತು ಬರುತ್ತಾವೆ ಎಂಬುದು ಅವನ ತಕರಾರು. ಶಾಲೆಯ ವಾರ್ಷಿಕೋತ್ಸವದ ಬ್ಯಾನರ್ ಮಾಡಿಸಲು ಹೋದ ಮಾಸ್ತರರು ಆ ತಕರಾರು ಕೇಳಿಸಿಕೊಂಡು, ಹಾಗಾದರೆ ನಿಮ್ಮವೇ ಅಕ್ಷರ ಮಾಡೋಣ ಎಂದುಬಿಟ್ಟರು. ಮಾಸ್ತರರಿಗೆ ಹೀಗೆ ಮಾತು ಕೊಟ್ಟು ಆಮೇಲೆ ಪುಸ್ತಕ ತೆರೆದು ಕಲಿಯುವ ಚಟ.

ಇದರ ನಡುವೆ ಶಾಲೆಯಲ್ಲೊಂದು ಅವಾಂತರವಾಯಿತು. ಪರೀಕ್ಷೆಯ ಅಂಕಪಟ್ಟಿಯ ಮೂರು ಫೈಲುಗಳಲ್ಲಿ ಮಾಸ್ತರರು ತಪ್ಪಾದದ್ದನ್ನೇ ಮೇಲಿನ ಆಫೀಸಿಗೆ ಕಳಿಸಿ, ಫೇಲಾದ ಹನ್ನೊಂದು ಮಕ್ಕಳ ಮನೆಯಲ್ಲಿ ಪೇಢೆ ಹಂಚಿಸಿದರು. ಅಂದಿನಿಂದ ಸತ್ಯ ಒಂದೇ, ಫೈಲೂ ಒಂದೇ ಎಂಬುದು ಅವರ ಸಿದ್ಧಾಂತವಾಯಿತು. ಈ ಸಲದ ಯುಗಾದಿಯಲ್ಲಿ ಗದ್ದೆಪ್ಪನಿಗೂ ಅದನ್ನೇ ಬೋಧಿಸಿದರು. ನಾಲ್ಕು ಕಡೆ ನಾಲ್ಕು ಥರದ ಕಾಪಿ ಇದ್ದರೆ ಗೊಂದಲ, ಆದ್ದರಿಂದ ಅಸಲು ನನ್ನ ಹತ್ತಿರ ಇರಲಿ, ಉಳಿದವನ್ನು ಅಳಿಸಿಬಿಡಿ ಎಂದಿದ್ದರು. ಗದ್ದೆಪ್ಪ ಆತು ಬಿಡ್ರಿ ಸರ ಎಂದಿದ್ದ.

ಹುಣ್ಣಿಮೆಯ ಮರುದಿನ ಮಾಸ್ತರರು ರಜೆ ಹಾಕಿ ರಾಯಚೂರಿನ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತರು, ಗಾಳಿ ಹೆಚ್ಚಾಯಿತೆಂದು ಈಚೆ ಬಂದರು, ಸೆಕೆ ಎಂದು ಮತ್ತೆ ಕಿಟಕಿಗೆ ಹೋದರು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನಾಲ್ಕು ಬಗೆಯಲ್ಲಿ ಕಟ್ಟಿದರು. ನಾಲ್ಕರಲ್ಲೂ ತಪ್ಪು ಹೊಳೆಯದ್ದೇ ಎನ್ನುವ ಹಾಗಿತ್ತು. ಕಂಡಕ್ಟರ್ ಚಿಲ್ಲರೆ ಕೇಳಿದಾಗಲೂ ಅವರ ಕೈ ಸೊಂಟಕ್ಕೆ ಹೋಗಿ, ಕೀಲಿಯನ್ನು ಮುಟ್ಟಿ, ನಾಚಿ ಹಿಂದೆ ಬಂತು.

ಅಂಗಡಿಯಲ್ಲಿ ಗದ್ದೆಪ್ಪ ಇರಲಿಲ್ಲ. ಗುಲ್ಫಶಾ ಎಲ್ಲವನ್ನೂ ಕೇಳಿಸಿಕೊಂಡು, ಹೋದ ವಾರ ವೈರಸ್ ಹೊಕ್ಕು ಅಂಗಡಿಯ ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ಮಾಡಿಸಿದ್ದೇನೆ, ಅದರಲ್ಲಿ ಹಳೆಯದೊಂದೂ ಉಳಿದಿಲ್ಲ ಎಂದಳು. ಒರೆಸುವ ಮೊದಲು ಗದ್ದೆಪ್ಪ ಚಾಚಾನನ್ನು ಕೇಳಿದ್ದಳಂತೆ. ಎಲ್ಲ ಮಾಸ್ತರರ ಹತ್ತಿರ ಭದ್ರ ಇದೆ ಎಂದನಂತೆ. ಭದ್ರ ಎಂಬ ಮಾತನ್ನು ಅವಳು ಬೇಕೆಂದೇ ಒತ್ತಿ ಹೇಳಿದಳೋ ಇಲ್ಲವೋ, ಮಾಸ್ತರರಿಗೆ ಒತ್ತಿದಂತೆಯೇ ಕೇಳಿಸಿತು.

"ಒಂದ್ ಮಾತು ಕೇಳ್ಲೇನ್ರಿ ಸರ್?" ಅಂದಳು ಗುಲ್ಫಶಾ. "ಕುತ್ತಿಗಿಗೆ ಹಾಕ್ಕೊಳ್ಳೋ ದಾರ ಬರ್ತದಲ್ರಿ, ಅಂಗಡ್ಯಾಗ, ಹತ್ತು ರೂಪಾಯಿಗಿ. ಅದ್ಯಾಕ ಆಗ್ಲಿಲ್ಲ?"

ಮಾಸ್ತರರು ಗದ್ದೆಪ್ಪ ಎಲ್ಲಿ ಎಂದು ಕೇಳಿದರು. ಮಸರಕಲ್ಲಿನಲ್ಲಿ ಗೊಬ್ಬರದ ಅಂಗಡಿ ಕೊಟ್ರೇಶನಿಗೆ ಹೊಸ ಬೋರ್ಡು ಕಟ್ಟಿಸಲು ಹೋಗಿದ್ದಾನೆಂದು ತಿಳಿಯಿತು. ಫೋನ್ ಮಾಡಿ ಹೇಳಬಹುದಿತ್ತು. ಇಂಥದ್ದನ್ನು ಫೋನಿನಲ್ಲಿ ಹೇಳಬಾರದು ಎಂದುಕೊಂಡರು. ಎದುರಿಗೆ ಹೇಳಲು ಇನ್ನೊಂದೂವರೆ ತಾಸು ಸಿಗುತ್ತದಲ್ಲ ಎಂಬುದು ಒಳಗಿನ ಕಾರಣ. ದೇವದುರ್ಗದ ಬಸ್ಸು ಹತ್ತಿದರು.

ಮಸರಕಲ್ಲಿನಲ್ಲಿ ಏಣಿಯ ಮೇಲಿದ್ದವನು ಅಂಗಡಿಯ ಮಾಲೀಕ ಕೊಟ್ರೇಶ. ಕೈ ನಡುಗುವ ಗದ್ದೆಪ್ಪ ಕೆಳಗೆ ನಿಂತು ಬೋರ್ಡನ್ನು ನೇರ ಮಾಡಿಸುತ್ತಿದ್ದ. ಮಾಸ್ತರರು ಮಳೆಯ ವಿಚಾರ ಮಾತಾಡಿದರು, ಹತ್ತಿಯ ವಿಚಾರ ಮಾತಾಡಿದರು, ಬಸ್ಸಿನಲ್ಲಿ ಜಾಗ ಸಿಗದ್ದನ್ನು ಹೇಳಿದರು. ಗದ್ದೆಪ್ಪ ಹೂಂಗುಟ್ಟಿದ. ಕೊನೆಗೆ ಕಟ್ಟಿಕೊಂಡು ಬಂದ ನಾಲ್ಕು ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಗದ್ದೆಪ್ಪ, ಪೆನ್ ಡ್ರೈವ್ ಹೊಳಿಗೆ ಹೋತು."

ಗದ್ದೆಪ್ಪ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ. "ಯಾವ ಹೊಳಿಗ್ರಿ?"

"ತುಂಗಭದ್ರಾ. ಚೀಕಲಪರ್ವಿ ಹತ್ರ. ಜನಿವಾರಕ್ಕ ಕಟ್ಟಿದ್ದೆ."

"ನೀರು ಭಾಳ ಬಂದಾವಂತಲ್ರಿ ಈ ಸಲ." ಆಮೇಲೆ ಮೇಲೆ ನೋಡಿ, "ಎಡಕ್ಕ ತಗೋ ಕೊಟ್ರೇಶ. ನಿನ್ನ ಎಡಕ್ಕಲ್ಲಲೇ, ಬೋರ್ಡಿನ ಎಡಕ್ಕ," ಎಂದ.

ಬೈದಿದ್ದರೆ ಮಾಸ್ತರರಿಗೆ ಹಗುರಾಗುತ್ತಿತ್ತು. ಕೊನೆಯ ಹಗ್ಗ ಬಿಗಿಯಾದ ಮೇಲೆ ಗದ್ದೆಪ್ಪ ಕೈ ಒರೆಸಿಕೊಂಡು, ಒಳಗೆ ಕೊಟ್ರೇಶನ ಬಿಲ್ಲಿನ ಕಂಪ್ಯೂಟರಿನಲ್ಲಿ ಒಂದಿಷ್ಟು ನೋಡೋಣ ಬರ್ರಿ ಎಂದ. ಅದರಲ್ಲಿ ಏನಿದೆ ಎಂದು ಮಾಸ್ತರರು ಕೇಳಿದ್ದಕ್ಕೆ, ಹಳೇ ಗೊಬ್ಬರ ಎಂದ. ಅಷ್ಟರಲ್ಲಿ ಕರೆಂಟು ಹೋಯಿತು.

ಒಂದು ತಾಸು ಬರಲಿಲ್ಲ. ಗದ್ದೆಪ್ಪ ಯೂರಿಯಾ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದ. ಮಾಸ್ತರರು ಚೀಲಗಳ ಸಾಲಿನ ನಡುವೆ ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ನಡೆದರು. ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿದರು. ಮೂರನೆಯ ಸಲ ಒತ್ತುವಾಗ ಕೊಟ್ರೇಶ, ಅದು ಫ್ಯಾನಿನದು ಎಂದು ಮೆಲ್ಲಗೆ ತಿಳಿಸಿದ.

ಕರೆಂಟು ಬಂತು. ಬೀಜ, ಔಷಧಿ, ಗೊಬ್ಬರದ ಬಿಲ್ಲುಗಳ ಕೆಳಗೆ ಹಳೇ ಗೊಬ್ಬರ ಎಂಬ ಹೆಸರಿನ ಫೋಲ್ಡರ್ ನಿಜಕ್ಕೂ ಇತ್ತು. ತೆರೆದರೆ ಸಾಲುಸಾಲಾಗಿ ಅಕ್ಷರ. ಹೊಟ್ಟೆ ಉಬ್ಬಿದ ಬ, ಕಾಲು ಚಾಚಿ ಕೂತ ಕ್ಷ, ಲಾರಿಯ ಬೆನ್ನಿಗೆ ಬರೆದಂತೆ ಎದೆ ಸೆಟೆಸಿ ನಿಂತ ಜ. ಮಾಸ್ತರರ ಕಣ್ಣು ಮಂಜಾಯಿತು. ಕೊಟ್ರೇಶನಿಗೆ ಮಾತ್ರ ಸಿಟ್ಟು.

"ಯಾವಾಗ ಇಟ್ಟಿದ್ದಿ ಕಾಕಾ ಇದನ್ನ? ನನಗ ಗೊತ್ತಾ ಇಲ್ಲ."

"ಅದಕ್ಕಾ ಆ ಹೆಸರು ಇಟ್ಟೀನಿ. ಹಳೇ ಗೊಬ್ಬರ ಯಾರ್ ತೆಗದು ನೋಡ್ತಾರ?"

ಬೋರ್ಡಿನ ಕೆಲಸಕ್ಕೆ ಹೋದಲ್ಲೆಲ್ಲ ಅವನು ಹೀಗೊಂದು ಕಾಪಿ ಇಟ್ಟುಬರುತ್ತಿದ್ದ. ದೇವದುರ್ಗದ ಜೆರಾಕ್ಸ್ ಅಂಗಡಿಯಲ್ಲಿ ತಪ್ಪಾದ ಲಗ್ನಪತ್ರಿಕೆ ಎಂಬ ಹೆಸರಿನಲ್ಲಿದೆ, ಹೆಂಡತಿ ಗುರುಶಾಂತಮ್ಮನ ಮೊಬೈಲಿನಲ್ಲಿ ಭಜನೆಪದಗಳ ಅಡಿಯಲ್ಲಿದೆ. ಆದರೆ ಅವೆಲ್ಲ ಇನ್ನೂ ಹಳೆಯವು. ಇದ್ದುದರಲ್ಲಿ ಹೊಸದು ಇದೇ, ಯುಗಾದಿಯದ್ದು. ಮಾಸ್ತರರು ಕೂತು ಎಣಿಸಿದರು. ಮುನ್ನೂರ ತೊಂಬತ್ತೆಂಟು. ಯುಗಾದಿಯ ಮೇಲೆ ಬರೆದ ಹದಿನಾಲ್ಕು ಇರಲಿಲ್ಲ. ಳ ಇರಲಿಲ್ಲ, ಅದರ ಒತ್ತೂ ಇರಲಿಲ್ಲ. ಅವು ನಡುಗುವ ಕೈಯಲ್ಲಿ ನಾಲ್ಕು ತಿಂಗಳು ಕೂತು ಮಾಡಿದ ಅಕ್ಷರಗಳು. ಮಾಸ್ತರರು ಗದ್ದೆಪ್ಪನ ಮುಖ ನೋಡಲಾರದೆ ಪರದೆಯನ್ನೇ ನೋಡಿದರು.

ಗದ್ದೆಪ್ಪ ಬಿಲ್ ಪುಸ್ತಕದ ಹಾಳೆ ತಿರುವಿ, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಪೆನ್ನಿನಲ್ಲಿ ಒಂದು ಳ ಬರೆದ. ಬಸ್ಸಿನಲ್ಲಿ ಕೂತು ಬರೆದಂತಿತ್ತು. ತನ್ನ ಮೊಬೈಲಿನಲ್ಲಿ ಅದರ ಫೋಟೋ ತೆಗೆಸಿಕೊಂಡ. ಹಿಂದಿನ ಹದಿನಾಲ್ಕನ್ನೂ ಹೀಗೆಯೇ ಮಾಡಿದ್ದನಂತೆ. ಫೋಟೋವನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಹಾಸಿ, ಗೆರೆ ಎಳೆದು, ಗೆರೆಯ ಮೇಲಿನ ಚುಕ್ಕೆಗಳನ್ನು ಒಂದೊಂದಾಗಿ ಸರಿಸುವುದು. ಮೌಸು ಮುಟ್ಟುವುದು ಕಡಿಮೆ. ಕೀಬೋರ್ಡಿನ ಬಾಣದ ಗುಂಡಿ ಒಂದು ಸಲ ಒತ್ತಿದರೆ ಕೂದಲೆಳೆಯಷ್ಟು ಸರಿಯುತ್ತದೆ. ಕೈ ಎಷ್ಟು ನಡುಗಿದರೂ ಗುಂಡಿ ಒಂದೇ ಸಲ ಒತ್ತಿದ ಲೆಕ್ಕ. ಮೂರು ವರ್ಷ ಜತೆಗಿದ್ದ ಮಾಸ್ತರರಿಗೆ ಇದು ಗೊತ್ತಿರಲಿಲ್ಲ. ಅಕ್ಷರ ಬಂದು ಸೇರುತ್ತಿದ್ದವು, ಇವರು ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದರು.

"ಗೋಡಿ ಮ್ಯಾಲ ಕೈ ನಡುಗಿದ್ರ ನಡುಗಿದ್ದಾರಿ ಸರ," ಎಂದ ಗದ್ದೆಪ್ಪ. "ಇದು ತಡಕೊಂತದ. ದೀಪಾವಳಿ ತನಕ ಹಿಡಿತದ, ಆಗ್ತದ. ಆ ಳ ನನಗ ಮೊದಲಾ ಸೇರಿರಲಿಲ್ಲ."

ಮಾಸ್ತರರಿಗೆ ಎರಡು ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಬಂತು. ಉಸಿರು ಬಂದೊಡನೆ ಅವರೊಳಗಿನ ಮಾಸ್ತರನೂ ಎದ್ದು ಕೂತ. ಎಷ್ಟಾದರೂ ಇಪ್ಪತ್ತೆಂಟು ವರ್ಷ ಹೇಳಿದ ಮಾತು ಕೇಳಿಸಿಕೊಂಡವರನ್ನೇ ನೋಡಿದವರು.

"ಆದರೂ ಗದ್ದೆಪ್ಪ," ಎಂದರು, "ಉಳಿದದ್ದೆಲ್ಲಾ ಅಳಸ್ರಿ ಅಂತ ನಾ ಯುಗಾದಿಗೇ ಹೇಳಿದ್ದೆ. ನೀವೂ ಆತು ಅಂದಿದ್ರಿ. ಮತ್ತ ಯಾಕ ಅಳಸಲಿಲ್ಲ?"

ಗದ್ದೆಪ್ಪ ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಹನಿ ಚೆಲ್ಲದ ಹಾಗೆ ಕುಡಿದು ಕೆಳಗಿಟ್ಟ.

"ಅಳಸೂದಕ್ಕ ಕೂಲಿ ಬ್ಯಾರೆ ಆಗ್ತದ್ರಿ ಸರ."