ಸ್ಟೋರಣ್ಣ ರಿಪೇರಿ ಮಾಡಿದ ಕುರ್ಚಿ

ಸಿನಿಮಾ ಕಲಿಸುವ ಆ ಕಾಲೇಜಿನಲ್ಲಿ ಸ್ಟೋರಣ್ಣನಿಗೆ ಬೇರೊಂದು ಹೆಸರಿದೆ ಎಂಬುದು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ. ಸ್ಟುಡಿಯೋ ಪಕ್ಕದ ಉದ್ದನೆಯ ಕೋಣೆಯಲ್ಲಿ ತುಂಬಿದ್ದ ಕುರ್ಚಿ, ಮಂಚ, ದೀಪ, ಟೆಲಿಫೋನು, ಸೂಟ್‌ಕೇಸುಗಳಿಗೆಲ್ಲ ಅವನೇ ಯಜಮಾನ. ವಿದ್ಯಾರ್ಥಿಗಳು ತಮ್ಮ ಕಿರುಚಿತ್ರಗಳಿಗೆ ಬೇಕಾದದ್ದನ್ನು ಚೀಟಿ ಬರೆದುಕೊಟ್ಟು ಒಯ್ಯುವರು, ಮುಗಿದ ಮೇಲೆ ತಂದು ಹಾಕುವರು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅಷ್ಟು ವರ್ಷದಲ್ಲಿ ಅವನು ಒಂದೇ ಒಂದು ಶೂಟಿಂಗನ್ನೂ ಕಣ್ಣಾರೆ ನೋಡಿರಲಿಲ್ಲ ಎಂದರೆ ನಂಬಬೇಕು. ಅಲ್ಲಿ ಶೂಟಿಂಗ್ ನಡೆಯುವ ಹೊತ್ತಿಗೇ ಅಲ್ಲವೇ ಇಲ್ಲಿ ಸ್ಟೋರಿನ ಬಾಗಿಲು ತೆರೆದಿರಬೇಕಾದದ್ದು?

ನೋಡದಿದ್ದರೇನು, ಊಹಿಸುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು? ವಾಪಸು ಬಂದ ಒಂದೊಂದು ಸಾಮಾನನ್ನೂ ಅವನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ದಿಂಬಿಗೆ ಕಾಡಿಗೆ ಮೆತ್ತಿದ್ದರೆ ಯಾರೋ ಅತ್ತಿದ್ದಾರೆ. ಸೂಟ್‌ಕೇಸಿನ ಹಿಡಿ ಕಿತ್ತು ಬಂದಿದ್ದರೆ ಯಾರೋ ಹೊರಟಿದ್ದಾರೆ, ಇನ್ಯಾರೋ ಬಿಟ್ಟಿಲ್ಲ. ಸಂಜೆ ಮನೆಗೆ ಹೋಗಿ ಇದನ್ನೆಲ್ಲ ಹೆಂಡತಿಯ ಮುಂದೆ ಬಿಚ್ಚುವನು.

"ಯಾಕೆ ಅತ್ರು ಅಂತ ಕೇಳಿದ್ರಾ?" ಎನ್ನುವಳು ಅವಳು.

"ಅದನ್ನೆಲ್ಲ ಕೇಳೋಕಾಗತ್ತಾ? ಅವರ ಕಥೆ ಅವರದ್ದು. ನಾವ್ಯಾಕೆ ಮೂಗು ತೂರಿಸ್ಬೇಕು?"

"ಹಾಗಾದ್ರೆ ನನ್ನ ತಲೆ ಯಾಕೆ ತಿಂತೀರಾ?" ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗುವಳು.

ಅವನಿಗಿದ್ದ ಇನ್ನೊಂದು ಚಾಳಿ ಎಂದರೆ ರಿಪೇರಿ. ಮುರಿದ, ಬಿರುಕು ಬಿಟ್ಟ, ಕಿರುಗುಟ್ಟುವ ವಸ್ತು ತನ್ನ ಸ್ಟೋರಿನಿಂದ ಹೊರಗೆ ಕಾಲಿಟ್ಟರೆ ತನ್ನ ಮಾನವೇ ಹೋದಂತೆ ಆಡುತ್ತಿದ್ದ. ಮಾವನ ಬಡಗಿ ಅಂಗಡಿಯಲ್ಲಿ ಆರು ವರ್ಷ ಕೈ ಪಳಗಿಸಿಕೊಂಡಿದ್ದವನು. ಯಾರೂ ಹೇಳಬೇಕಾಗಿರಲಿಲ್ಲ, ಕೇಳಬೇಕಾಗಿರಲಿಲ್ಲ. ಮಾಡಿಟ್ಟು, ಒರೆಸಿ, ಮುಗುಳ್ನಗುತ್ತ ಕೊಡುವನು.

ಆ ವರ್ಷ ಕೊನೆಯ ತರಗತಿಯ ಒಬ್ಬ ಹುಡುಗಿ ಒಂದು ಹಳೇ ಮರದ ಕುರ್ಚಿಯನ್ನು ಆರಿಸಿಕೊಂಡಳು. ಒಂದು ವಾರ ಒಯ್ದು ನಟನೆಯ ಅಭ್ಯಾಸ ಮಾಡಿಸಿ, "ಶೂಟಿಂಗಿಗೂ ಇದೇ ಬೇಕು, ಎತ್ತಿಡಿ ಅಣ್ಣಾ" ಎಂದು ವಾಪಸು ಕೊಟ್ಟು ಹೋದಳು. ಸ್ಟೋರಣ್ಣ ಕೂತು ನೋಡಿದ. ಕುರ್ಚಿ ಟಕ್ಕೆಂದು ಒಂದು ಕಡೆಗೆ ವಾಲಿತು. ಅಯ್ಯೋ ಪಾಪ, ಮಗು ಇದರ ಮೇಲೆ ಹೇಗೆ ಕೆಲಸ ಮಾಡಿಸಿತೋ ಎಂದು ಮರುಗಿ, ಸಂದುಗಳಿಗೆ ಅಂಟು ತುಂಬಿ, ಹಗ್ಗ ಬಿಗಿದು, ನಾಲ್ಕೂ ಕಾಲು ಉಜ್ಜಿ ಸಮ ಮಾಡಿಟ್ಟ.

ಶೂಟಿಂಗ್ ದಿನವೇ ಸ್ಟೋರಿಗೆ ಬಣ್ಣ ಬಳಿಯುವವರು ಬಂದರು. ಬಾಗಿಲು ಮುಚ್ಚಬೇಕಾಯಿತು. ಸ್ಟೋರಣ್ಣ ಕುರ್ಚಿಯನ್ನು ತಾನೇ ಹೊತ್ತುಕೊಂಡು ಸ್ಟುಡಿಯೋಗೆ ನಡೆದ. ಒಳಗೆ ಮೂರೇ ಗೋಡೆಯ ಒಂದು ಮನೆ ಎದ್ದಿತ್ತು. ಗೋಡೆಯ ಬೆನ್ನಿಗೆ ಬರೀ ಪ್ಲೈವುಡ್, ಮುಂದೆ ಬಟ್ಟೆ ಒಣಗಿಸಿದ ಅಡುಗೆಮನೆ. ಅವನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಹೋಗಿ ಬಗ್ಗಿ ನೋಡಿದ. ಬೆಳಗ್ಗೆಯೆಲ್ಲ ಕಿಟಕಿ, ಒಲೆ, ಬಾಗಿಲಿನ ದೃಶ್ಯಗಳು ಮುಗಿದವು. ಕುರ್ಚಿಯ ಸರದಿ ಬಂದಾಗ ಗಂಟೆ ಮೂರು. ಐದಕ್ಕೆ ಸ್ಟುಡಿಯೋ ಬಿಟ್ಟುಕೊಡಬೇಕು. ಪಾತ್ರ ಮಾಡುತ್ತಿದ್ದ ನಿವೃತ್ತ ಟೀಚರಮ್ಮ ಮರುದಿನವೇ ಮಗಳ ಊರಿಗೆ ಹೊರಟಿದ್ದರು, ಬರುವುದು ಆರು ತಿಂಗಳಾದ ಮೇಲೆ. ಅಷ್ಟರಲ್ಲಿ ಹುಡುಗಿಯ ಪರೀಕ್ಷೆಯೇ ಮುಗಿದಿರುತ್ತಿತ್ತು.

ಟೀಚರಮ್ಮ ಬಂದು ಕೂತರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಕುರ್ಚಿ ಬಂಡೆಯ ಹಾಗೆ ಕೂತಿತ್ತು.

"ಅಣ್ಣಾ, ಇದು ಅಲ್ಲಾಡ್ತಿತ್ತಲ್ಲಾ?" ಎಂದಳು ಹುಡುಗಿ.

"ಅಲ್ಲಾಡ್ತಿತ್ತಮ್ಮ. ಈಗ ನೋಡು, ಇನ್ನು ಹತ್ತು ವರ್ಷ ಅಲ್ಲಾಡಲ್ಲ."

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಆಗ ಅವಳು ಕಥೆ ಹೇಳಿದಳು. ಗಂಡ ಹೋದ ಮೇಲೆ ಹೆಂಗಸೊಬ್ಬಳು ಅವನ ಕುರ್ಚಿಯಲ್ಲಿ ಕೂರುತ್ತಾಳೆ. ಅವನು ಕೂತು ಪೇಪರ್ ಓದುವಾಗ ಬರುತ್ತಿದ್ದ ಟಕ್ ಟಕ್ ಶಬ್ದಕ್ಕೆ ವರ್ಷಗಟ್ಟಲೆ ಅವನನ್ನು ಬೈದವಳು ಅವಳೇ. ಈಗ ಬೇಕೆಂದೇ ಅಲ್ಲಾಡಿಸಿ ಆ ಶಬ್ದ ಕೇಳುತ್ತಾಳೆ. ಸಿನಿಮಾ ಇರುವುದೇ ಅಷ್ಟು.

ಸ್ಟೋರಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ನಾಚಿಕೊಂಡು ನಿಲ್ಲುವಷ್ಟು ಪುರುಸೊತ್ತಿರಲಿಲ್ಲ. ಓಡಿ ಹೋಗಿ ಬಣ್ಣದ ಡಬ್ಬಗಳ ಮಧ್ಯದಿಂದ ಗರಗಸ, ಅರ, ಉಳಿ ಮೂರನ್ನೂ ತಂದು ಕುರ್ಚಿಯನ್ನು ಮಗುಚಿದ. ಸರಿ ಇದ್ದದ್ದನ್ನು ಕೆಡಿಸುವುದು ಎಂಥ ಕಷ್ಟ ಎಂದು ಜೀವಮಾನದಲ್ಲಿ ಮೊದಲ ಸಲ ಗೊತ್ತಾಯಿತು. ಒಂದು ಕಾಲು ತುಸು ಕೊಯ್ದ. ಮೈಕಿಗೆ ಬೀಳುವ ಶಬ್ದ ಕೇಳಲು ಹೆಡ್‌ಫೋನ್ ಹಾಕಿಕೊಂಡಿದ್ದ ಹುಡುಗಿ ಅಡ್ಡಡ್ಡ ತಲೆಯಾಡಿಸಿದಳು. ಅರದಿಂದ ಇನ್ನಷ್ಟು ಉಜ್ಜಿ, ತಾನೇ ಕೂತು ವಾಲಿದ.

"ಇದು ಟೊಕ್ ಅಂತಿದೆ ಅಣ್ಣಾ. ಮುಂಚೆ ಟಕ್ ಅಂತಿತ್ತು."

"ಟೊಕ್ಕಿಗೂ ಟಕ್ಕಿಗೂ ಏನಮ್ಮ ವ್ಯತ್ಯಾಸ?"

ಅವಳು ಹೆಡ್‌ಫೋನನ್ನು ಅವನ ಕಿವಿಗೇ ಹಾಕಿದಳು. ಟೀಚರಮ್ಮ ಕೂತು ವಾಲಿದರು. ಹೌದಲ್ಲ, ಸಂದಿನೊಳಗಿನ ಅಂಟು ಶಬ್ದವನ್ನು ನುಂಗುತ್ತಿತ್ತು. ಅವನು ತಾನೇ ಬಿಗಿದಿದ್ದ ಸಂದನ್ನು ಉಳಿಯಿಂದ ಬಿಡಿಸಿ, ಹಿಂದಿನಂತೆ ಸಡಿಲ ಮಾಡಿ, ಮತ್ತೆ ಕಿವಿಗೊಟ್ಟ. ಗಂಟೆ ನಾಲ್ಕೂವರೆ. ಕುರ್ಚಿ ಟಕ್ಕೆಂದಿತು. ಇಪ್ಪತ್ತೆರಡು ವರ್ಷದಲ್ಲಿ ಯಾವ ರಿಪೇರಿಯೂ ಅವನಿಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಟೀಚರಮ್ಮ ಕೂತರು. ದೀಪಗಳು ಹೊತ್ತಿದವು. ಅವರು ಸುಮ್ಮನೆ ಗೋಡೆ ನೋಡುತ್ತ ಒಮ್ಮೆ ವಾಲಿದರು, ಟಕ್. ಸ್ವಲ್ಪ ತಡೆದು ಇನ್ನೊಮ್ಮೆ, ಟಕ್. ಆಮೇಲೆ "ಸಾಕು ನಿಲ್ಸಿ, ತಲೆನೋವು" ಎಂದು ಗದರಿದರು, ಗದರಿ ಮತ್ತೆ ತಾವೇ ಅಲ್ಲಾಡಿಸಿದರು. ಸ್ಟೋರಣ್ಣ ಪ್ಲೈವುಡ್ ಗೋಡೆ ಹಿಡಿದು ನಿಂತು ಅತ್ತುಬಿಟ್ಟ. ಕೋಣೆಯಲ್ಲಿ ಕೂತು ಊಹಿಸಿದ್ದ ಯಾವ ಕಥೆಯೂ ಇದರ ಹತ್ತಿರಕ್ಕೆ ಬರುತ್ತಿರಲಿಲ್ಲ.

ಐದಕ್ಕೆ ಐದು ನಿಮಿಷ ಇರುವಾಗ ಎಲ್ಲ ಮುಗಿಯಿತು. ಹುಡುಗಿ ತಂತಿ ಸುತ್ತುತ್ತಿದ್ದಳು. ಸ್ಟೋರಣ್ಣ ಹತ್ತಿರ ಹೋಗಿ ನಿಂತ.

"ಒಂದು ಮಾತು ಕೇಳ್ಲಾ ಅಮ್ಮ? ಹೋದ ವರ್ಷ ನಿಮ್ಮ ಸೀನಿಯರ್‌ಗಳು ಒಂದು ಒಡೆದ ಕನ್ನಡಿ ಕೇಳಿದ್ರು. ನಾನು ಹೊಸ ಗಾಜು ಹಾಕಿಸಿ ಕೊಟ್ಟೆ. ಅವರು ಏನೂ ಅನ್ಲಿಲ್ಲ."

ಅವಳು ತಂತಿ ಸುತ್ತುವುದನ್ನು ನಿಲ್ಲಿಸಿದಳು. "ಕಥೆ ಬದಲಾಯಿಸ್ಕೊಂಡ್ರು ಅಣ್ಣಾ."

"ಮತ್ತೆ ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಅಷ್ಟು ಖುಷಿಯಿಂದ ಕೊಡ್ತೀರಲ್ಲ," ಎಂದಳು ಅವಳು. "ಹೇಗೆ ಹೇಳೋದು? ಯಾರೂ ಹೇಳಲ್ಲ."

ಮರುದಿನ ಬೆಳಗ್ಗೆ, ಬಣ್ಣದ ವಾಸನೆ ಇನ್ನೂ ಆರದಿದ್ದ ಸ್ಟೋರಿಗೆ ಮೊದಲ ವರ್ಷದವಳೊಬ್ಬಳು ಚೀಟಿ ಹಿಡಿದು ಬಂದು, ಮೇಜಿನ ದೀಪ ಬೇಕು ಎಂದಳು. ಸ್ಟೋರಣ್ಣ ಎದ್ದು ಹೋಗಿ ದೀಪ ತರಲಿಲ್ಲ. ಒಂದು ಸ್ಟೂಲು ಎಳೆದು ಅವಳ ಮುಂದಿಟ್ಟ.

"ಕೂತ್ಕೊಳ್ಳಮ್ಮ," ಎಂದ. "ನಿನ್ನ ಕಥೇಲಿ ಈ ದೀಪ ಯಾರ ಮನೇದು?"